ಮೊದಲ ಸೌಟು ಮತ್ತು ನಮ್ಮನೆ ಮೇಜರ್

ನನಗೆ ಬಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಸುಲಭ. ಉಣ್ಣಲು ಚೆನ್ನಾಗಿ ಬರುತ್ತದೆ. ಆ ವಿಷಯದಲ್ಲಿ ಬಂಧುಬಳಗದವರು ಇವತ್ತಿಗೂ ನನ್ನ ಹೆಸರನ್ನೇ ಹೇಳುತ್ತಾರೆ. ಆದರೆ ಕೈಗೆ ಸೌಟು ಬಂತೋ, ಹುಳಿಯೊಳಗಿನ ಹೋಳೆಲ್ಲ ಒಬ್ಬರ ಎಲೆಗೆ, ಬರೀ ತಿಳಿ ಮುಂದಿನವರ ಎಲೆಗೆ. ನಮ್ಮ ತುಮಕೂರಿನ ಕಡೆ ಮದುವೆ ಮುಂಜಿಗಳಲ್ಲಿ ಪಂಕ್ತಿಗೆ ಬಡಿಸುವುದು ಗಂಡಸರ ಕೆಲಸ. ಒಮ್ಮೆ ನನ್ನ ಸೋದರಮಾವ ದೊಡ್ಡ ಮನಸ್ಸು ಮಾಡಿ ಪಾಯಸದ ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು. ಎಲೆಗೆ ಬಡಿಸುವ ಬದಲು ಬೀಗರ ಹೊಸ ಪಂಚೆಗೆ ಬಡಿಸಿ ಬಂದೆ. ಅಲ್ಲಿಂದಾಚೆಗೆ ನನ್ನ ಪಾಲಿಗೆ ಉಪ್ಪು ಮಾತ್ರ ಉಳಿಯಿತು. ಅದನ್ನು ಬಡಿಸುವಾಗಲೂ ಹಿಂದೆ ಒಬ್ಬರು ನಿಂತು ನೋಡಿಕೊಳ್ಳುತ್ತಿದ್ದರು. ಇಂಥ ನನ್ನನ್ನು, ಚೆನ್ನೈನ ಮಾಧವರಂನಲ್ಲಿರುವ ನಮ್ಮ ಬಡಾವಣೆಯ ನಿವೃತ್ತ ಸೈನಿಕರೆಲ್ಲ ಸೇರಿ, ತಮ್ಮ ವರ್ಷದ ದೊಡ್ಡ ಊಟದಲ್ಲಿ ಮೊದಲ ಸೌಟು ಬಡಿಸಬೇಕಾದ ಮಹನೀಯ ಎಂದು ಆರಿಸಿಬಿಟ್ಟರು. ಅದೂ ನಾನೊಬ್ಬ ಮೇಜರ್ ಎಂದು ತಿಳಿದು! ನನ್ನ ಜೀವಮಾನದಲ್ಲಿ ನಾನು ಹಿಡಿದಿರುವ ಆಯುಧವೆಂದರೆ ಸೊಳ್ಳೆ ಹೊಡೆಯುವ ಬ್ಯಾಟು.

ಮೇಜರ್ ನಮ್ಮ ಮನೆಯಲ್ಲಿ ಇದ್ದಾರೆ, ಅದು ಸುಳ್ಳಲ್ಲ. ಅದು ನನ್ನ ಹೆಂಡತಿ ವಿಶಾಲಾಕ್ಷಿ. ಸೇನೆಯ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಆಗಿದ್ದು, ಜೋಧಪುರದ ಬಿಸಿಲು, ಜಮ್ಮುವಿನ ಚಳಿ, ಅಸ್ಸಾಮಿನ ಜಿಗಣೆ ಎಲ್ಲವನ್ನೂ ಕಂಡು ಮೇಜರ್ ಆಗಿ ನಿವೃತ್ತಿಯಾದವಳು. ನಾನು ಆ ಕಾಲವೆಲ್ಲ ಪೆರಂಬೂರಿನ ಬಾಡಿಗೆ ಮನೆಯಲ್ಲಿ, ರೈಲ್ವೆಯವರ ನಡುವೆ, ಒಂದು ವಿಮಾ ಕಚೇರಿಯ ಗುಮಾಸ್ತನಾಗಿ ಇದ್ದೆ. ಅವಳು ಜೀವ ಉಳಿಸುತ್ತಿದ್ದಳು. ನಾನು ಜೀವ ಹೋದ ಮೇಲಿನ ಕಾಗದಪತ್ರ ನೋಡಿಕೊಳ್ಳುತ್ತಿದ್ದೆ. ಒಂದೇ ಮನೆಯಲ್ಲಿ ಎರಡೂ ಇಲಾಖೆ ಇದ್ದದ್ದು ಅನುಕೂಲವೇ ಆಯಿತು ಅನ್ನಿ. ನಾನು ಹೆಣ್ಣು ನೋಡಲು ಹೋದಾಗ ಅವಳು ರಜೆಯ ಮೇಲೆ ಬಂದಿದ್ದ ಲೆಫ್ಟಿನೆಂಟ್. ಉಪ್ಪಿಟ್ಟಿನ ತಟ್ಟೆ ತಂದಿಟ್ಟು, ತಲೆ ತಗ್ಗಿಸುವ ಬದಲು ನೇರವಾಗಿ ನನ್ನ ಎದೆಯನ್ನೇ ನೋಡುತ್ತಾ, “ನೀವು ಬಂದು ಇಷ್ಟು ಹೊತ್ತಾಯ್ತು, ಇನ್ನೂ ಏದುಸಿರು ಬಿಡ್ತಿದೀರಲ್ಲ, ಮೊದಲಿನಿಂದ ಹೀಗೇನಾ?” ಎಂದು ಕೇಳಿದಳು. ಅದು ಏದುಸಿರಲ್ಲ, ಹೆದರಿಕೆ. ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ, ಈಗಲೂ ಪೂರ್ತಿ ಬಂದಿಲ್ಲ.

ಇಬ್ಬರೂ ನಿವೃತ್ತರಾದ ಮೇಲೆ ಪೆರಂಬೂರು ಬಿಟ್ಟು ಮಾಧವರಂಗೆ ಬಂದೆವು. ಲಾರಿಯಿಂದ ಸಾಮಾನು ಇಳಿಸುತ್ತಿದ್ದಾಗಲೇ ಎಡವಟ್ಟು ಶುರುವಾಯಿತು. ಸೇನೆಯಲ್ಲಿದ್ದವರ ಮನೆಯಲ್ಲಿ ಕಪ್ಪು ಬಣ್ಣ ಬಳಿದ ತಗಡಿನ ಟ್ರಂಕು ಒಂದು ಇದ್ದೇ ಇರುತ್ತದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಹುದ್ದೆ, ಹೆಸರು. ನಮ್ಮ ಟ್ರಂಕಿನ ಮೇಲೆ ‘ಮೇಜರ್ ರಾವ್’ ಎಂದಿತ್ತು. ಎದುರು ಮನೆಯ ಗೇಟಿನಲ್ಲಿ ಹಲ್ಲುಜ್ಜುತ್ತಾ ನಿಂತಿದ್ದ ಒಬ್ಬ ಹುರಿಮೀಸೆಯ ಹಿರಿಯರು ಆ ಟ್ರಂಕು ನೋಡಿದರು, ನನ್ನನ್ನು ನೋಡಿದರು. ಒಳಗೆ ಓಡಿದರು. ಬಾಯಿ ತೊಳೆದು, ಅಂಗಿ ತೊಟ್ಟು ಬಂದು ನನ್ನ ಮುಂದೆ ಕಾಲು ಅಪ್ಪಳಿಸಿ ಒಂದು ಸೆಲ್ಯೂಟ್ ಹೊಡೆದರು. ನನಗೆ ಗಾಬರಿಯಾಗಿ ಕೈ ಮೇಲೆದ್ದಿತು. ಎದ್ದ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ತಲೆ ಕೆರೆದುಕೊಂಡು ಕೆಳಗಿಳಿಯಿತು. ಅವರು ಅದನ್ನೇ ದೊಡ್ಡ ಅಧಿಕಾರಿಯ ಸರಳತೆ ಎಂದುಕೊಂಡರಂತೆ. ಅವರೇ ನಿವೃತ್ತ ಸುಬೇದಾರ್ ಕಂದಸಾಮಿ, ನಮ್ಮ ಬಡಾವಣೆಯ ಮಾಜಿ ಸೈನಿಕರ ಸಂಘದ ಅಧ್ಯಕ್ಷರು. ಕೆಲವು ವರ್ಷ ಬೆಂಗಳೂರಿನಲ್ಲಿ ಪೋಸ್ಟಿಂಗ್ ಇದ್ದುದರಿಂದ ತಮಗೆ ಕನ್ನಡ ಬರುತ್ತದೆಂದು ಅವರ ಗಟ್ಟಿ ನಂಬಿಕೆ. “ಜೈ ಹಿಂದ್ ಮೇಜರ್ ಸಾಬ್! ನಮ್ಮ ಕಾಲೊನಿಗೆ ಒಬ್ಬ ಆಫೀಸರ್ ಬಂದ್ರು. ರೊಂಬ ಸಂತೋಷ ಆಯ್ತು!” ಎಂದರು.

ನಾನು ಒಂದು ಕ್ಷಣವೂ ತಡಮಾಡದೆ ನಿಜ ಹೇಳಿದೆ. ಬೇಕಾದರೆ ದೇವರ ಮುಂದೆ ಹೇಳುತ್ತೇನೆ, ಅವತ್ತೇ ಹೇಳಿದೆ. “ಕಂದಸಾಮಿ ಸಾರ್, ಮೇಜರ್ ನಾನಲ್ಲ. ಮೇಜರ್ ನನ್ನ ಹೆಂಡತಿ” ಎಂದೆ. ಕಂದಸಾಮಿಯವರು ನನ್ನ ಮುಖವನ್ನೊಮ್ಮೆ ನೋಡಿ, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ಲಾರಿಯವರೂ ನಕ್ಕರು. “ಎಲ್ಲಾರ್ ವೀಟ್ಲಯುಂ ಅಪ್ಪಡಿತ್ತಾನ್ ಸಾರ್! ಎಲ್ಲರ ಮನೇಲೂ ಹಂಗೇ ಸಾರ್! ನಮ್ಮ ಮನೇಲಿ ಅವಳು ಬ್ರಿಗೇಡಿಯರ್!” ಎಂದು ಕಣ್ಣೊರೆಸಿಕೊಂಡರು. ನೋಡಿ, ನನ್ನ ಕಷ್ಟ ಇದು. ಹೆಂಡತಿಗೆ ಹೆದರುವ ಗಂಡಂದಿರು ಊರಿನ ತುಂಬ ಇಂಥ ಮಾತನ್ನು ತಮಾಷೆಗೆ ಆಡಿ ಆಡಿ, ನಿಜಕ್ಕೂ ಮೇಜರ್‌ನ ಗಂಡನಾದವನು ಬಾಯಿ ಬಿಟ್ಟರೆ ನಂಬುವವರಿಲ್ಲದ ಹಾಗೆ ಮಾಡಿಟ್ಟಿದ್ದಾರೆ. ಹಾಲಿನ ಬೂತಿನಲ್ಲಿ ಹೇಳಿದೆ, ನಕ್ಕರು. ಕ್ಷೌರದಂಗಡಿಯಲ್ಲಿ ಹೇಳಿದೆ, ಕತ್ತಿ ಹಿಡಿದವನು ನಗುವುದನ್ನು ಕಂಡು ನಾನೇ ಸುಮ್ಮನಾದೆ. ಬಡಾವಣೆಯಲ್ಲಿ ನಾನು ‘ಜೋಕ್ ಹೇಳೋ ಮೇಜರ್’ ಎಂದು ಪ್ರಸಿದ್ಧನಾದೆ. ಅದಕ್ಕೆ ಮುಂಚೆ ನನ್ನ ಯಾವ ಜೋಕಿಗೂ ಯಾರೂ ಅಷ್ಟು ನಕ್ಕಿರಲಿಲ್ಲ.

“ನೀನೇ ಒಂದು ಸಲ ಹೇಳಬಾರದೇನೆ?” ಎಂದರೆ ವಿಶಾಲು, “ನಾನು ಮೇಜರ್, ನಾನು ಮೇಜರ್ ಅಂತ ಸೊಪ್ಪು ಮಾರೋಳ ಥರ ಬೀದಿಯಲ್ಲಿ ಕೂಗ್ಕೊಂಡು ಹೋಗ್ಲೇನ್ರೀ? ಅವರು ಕೇಳಿದ್ರೆ ತಾನೆ ಹೇಳೋದು? ಇಷ್ಟು ದಿನದಲ್ಲಿ ಒಬ್ಬರಾದ್ರೂ ‘ಮೇಡಂ, ನೀವು ಏನು ಮಾಡ್ತಿದ್ರಿ’ ಅಂತ ಕೇಳಿದಾರಾ?” ಎನ್ನುತ್ತಿದ್ದಳು. ಅದು ನಿಜವೇ. ನನ್ನನ್ನು ನೂರು ಕೇಳಿದರು. ಅವಳನ್ನು ಮಕ್ಕಳೆಷ್ಟು, ಸಾಂಬಾರಿಗೆ ಬೆಲ್ಲ ಯಾಕೆ ಹಾಕುತ್ತೀರಿ ಎಂದಷ್ಟೇ ಕೇಳಿದರು. ಸಂಘದ ಬಾಗಿಲಿನ ಮೇಲಿನ ಬೋರ್ಡಿನಲ್ಲಿ ದೊಡ್ಡದಾಗಿ ‘ಎಕ್ಸ್-ಸರ್ವಿಸ್‌ಮೆನ್ ಅಸೋಸಿಯೇಷನ್’ ಎಂದಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ ‘ವೈವ್ಸ್ ವಿಂಗ್’. ಸಂಜೆ ವಾಕಿಂಗ್ ಹೋಗುವಾಗ ಅದರ ಕೆಳಗೆ ನಿಂತು ಅವಳು ಒಮ್ಮೆ ಅಂದಳು: “ಇದರಲ್ಲಿ ನನ್ನದು ಯಾವ ಸಾಲು ಹೇಳಿ ನೋಡೋಣ. ಮೇಲಿನದು ಗಂಡಸರದ್ದು. ಕೆಳಗಿನದು ಸೈನಿಕರ ಹೆಂಡತಿಯರದ್ದು. ನಾನು ಇನ್ಶೂರೆನ್ಸ್‌ನವರ ಹೆಂಡತಿ.” ನಾನು, “ನನ್ನದು ಯಾವ ಸಾಲು?” ಎಂದೆ. “ನೀವು ಸೆಲ್ಯೂಟ್ ತಗೊಳ್ಳೋ ಸಾಲು” ಎಂದು ಮುಂದೆ ನಡೆದಳು.

ಈಗ ಆ ಊಟದ ವಿಷಯಕ್ಕೆ ಬರುತ್ತೇನೆ. ಸೇನೆಯಲ್ಲಿ ಅದಕ್ಕೆ ‘ಬಡಾ ಖಾನಾ’ ಎನ್ನುತ್ತಾರೆ. ಹಬ್ಬದ ದಿನ ಜವಾನರೆಲ್ಲ ಸಾಲಾಗಿ ಊಟಕ್ಕೆ ಕೂರುತ್ತಾರೆ, ಅಧಿಕಾರಿಗಳು ಬಡಿಸುತ್ತಾರೆ. ವರ್ಷವಿಡೀ ಅಪ್ಪಣೆ ಮಾಡಿದವರು ಆ ಒಂದು ದಿನ ಸೌಟು ಹಿಡಿದು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಉಪಚಾರ ಮಾಡಬೇಕು. ನಮ್ಮ ಸಂಘದವರೂ ಈ ಸಂಪ್ರದಾಯವನ್ನು ಬಿಡದೆ ನಡೆಸಿಕೊಂಡು ಬಂದಿದ್ದರು. ತೊಂದರೆ ಏನೆಂದರೆ, ಬಡಾವಣೆಯಲ್ಲಿ ಇದ್ದವರೆಲ್ಲ ನಾಯಕ್, ಹವಾಲ್ದಾರ್, ಸುಬೇದಾರ್‌ಗಳೇ. ಬಡಿಸಲು ಆಫೀಸರ್ ಇಲ್ಲ. ಹಾಗಾಗಿ ಪ್ರತಿ ವರ್ಷ ಪೆರಂಬೂರಿನಿಂದ ಒಬ್ಬ ವಯಸ್ಸಾದ ನಿವೃತ್ತ ಕ್ಯಾಪ್ಟನ್ನರನ್ನು ಕಾರು ಮಾಡಿ ಕರೆತಂದು, ಅವರ ಕೈಗೆ ಸೌಟು ಕೊಟ್ಟು, ಇಬ್ಬರು ಅವರ ರಟ್ಟೆ ಹಿಡಿದುಕೊಂಡು ಮೊದಲ ಎಲೆಗೆ ಸಾಂಬಾರು ಹಾಕಿಸುತ್ತಿದ್ದರು. ಈ ವರ್ಷ ಅವರ ಮಂಡಿ ಪೂರ್ತಿ ಕೈಕೊಟ್ಟಿತು. ಆಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

ಒಂದು ಭಾನುವಾರ ಬೆಳಿಗ್ಗೆ ಕಂದಸಾಮಿಯವರು, ಸಂಘದ ಕಾರ್ಯದರ್ಶಿ ನಿವೃತ್ತ ಹವಾಲ್ದಾರ್ ರಾಮಲಿಂಗಂ ಇಬ್ಬರೂ ಹಣ್ಣಿನ ತಟ್ಟೆ ಸಮೇತ ಮನೆಗೆ ಬಂದರು. ವಿಶಾಲು ಕಾಫಿ ತಂದಿಟ್ಟಳು. ರಾಮಲಿಂಗಂ ಎದ್ದು ನಿಂತು, ಮೊದಲ ಸೌಟು ಮೇಜರ್ ಸಾಬ್ ಅವರೇ ಬಡಿಸಬೇಕು ಎಂದು ನನಗೆ ಅರಿಕೆ ಮಾಡಿಕೊಂಡರು. ನಾನು ಸೋಫಾದಿಂದ ಹಾರಿಬಿದ್ದೆ. “ಅಯ್ಯೋ ಮಾರಾಯ್ರೇ, ಮೇಜರ್ ಇವಳು, ಇವಳನ್ನ ಕೇಳಿ!” ಎಂದು ಕಾಫಿ ತಟ್ಟೆ ಹಿಡಿದು ನಿಂತಿದ್ದವಳ ಕಡೆ ಎರಡೂ ಕೈ ತೋರಿಸಿದೆ. ಕಂದಸಾಮಿ ಕಾಫಿ ನೆತ್ತಿಗೇರಿ ಕೆಮ್ಮುತ್ತಾ ನಕ್ಕರು. “ಸಾರ್ ಮತ್ತೆ ಶುರು ಮಾಡ್ದ್ರು!” ಎಂದು ರಾಮಲಿಂಗಂ ಅವರ ತೊಡೆಗೆ ಹೊಡೆದರು. ಆಮೇಲೆ ವಿಶಾಲು ಕಡೆ ತಿರುಗಿ, ಬಹಳ ವಿನಯದಿಂದ, “ಮೇಡಂ, ನೀವು ಕೋಲಂ, ಅದೇ ರಂಗೋಲಿ ಸ್ಪರ್ಧೆಗೆ ಬರಬೇಕು. ಲೆಮನ್ ಅಂಡ್ ಸ್ಪೂನ್ ಕೂಡ ಇದೆ. ಊಟಕ್ಕೆ ಲೇಡೀಸ್ ಸಾಲು ತನಿ, ಬೇರೆ. ನೀವು ಒಂದು ಸೌಟು ಮುಟ್ಟಬಾರದು ಮೇಡಂ. ವರ್ಷ ಪೂರ್ತಿ ಮನೇಲಿ ಬಡಿಸಿ ಸಾಕಾಗಿರುತ್ತೆ. ಅವತ್ತು ನಿಮಗೆ ರೆಸ್ಟ್!” ಎಂದರು. ಮನುಷ್ಯ ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅದೇ ಪೇಚಾಟ. ವಿಶಾಲು ನಗುತ್ತಲೇ ತಲೆಯಾಡಿಸಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆ ನಗು ನನಗೆ ಪರಿಚಯದ್ದು. ಇಂಜೆಕ್ಷನ್ ಚುಚ್ಚುವ ಮುಂಚೆ ಅವಳು ಹಾಗೆ ನಗುತ್ತಾಳೆ.

ಅವರು ಹೋದ ಮೇಲೆ ನಾನು ಏನೋ ತಮಾಷೆ ಮಾಡಲು ಅಡುಗೆಮನೆಗೆ ಹೋದೆ. ಅವಳು ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. “ನಿಮಗೆ ಗೊತ್ತಾ, ನಾನು ಸರ್ವಿಸ್‌ನಲ್ಲಿ ಇದ್ದಷ್ಟು ಕಾಲ ಒಂದು ಬಡಾ ಖಾನಾದಲ್ಲೂ ಬಡಿಸ್ಲಿಲ್ಲ” ಎಂದಳು. “ಯಾಕೆ?” ಎಂದೆ. “ಹಬ್ಬ ಅಂತ ವಾರ್ಡಿನ ಬಾಗಿಲು ಹಾಕ್ಕೊಂಡು ಹೋಗಕ್ಕಾಗುತ್ತಾ? ಎಲ್ಲರೂ ಅಲ್ಲಿಗೆ ಹೋಗಿರೋರು. ನನಗೆ ಯಾವಾಗಲೂ ಡ್ಯೂಟಿ. ಎರಡೂ ಕೈಗೆ ಬ್ಯಾಂಡೇಜು ಹಾಕಿರೋ ಹುಡುಗರು ಇರ್ತಿದ್ರು, ಅವರಿಗೆ ಚಮಚದಲ್ಲಿ ತಿನ್ನಿಸ್ತಿದ್ದೆ. ಹೊರಗಡೆ ಬ್ಯಾಂಡು, ನಗು ಎಲ್ಲ ಕೇಳಿಸ್ತಿತ್ತು. ಆ ಹುಡುಗರು, ‘ಮೇಡಂ, ಅಲ್ಲಿ ಇವತ್ತು ಏನು ಸ್ವೀಟು’ ಅಂತ ಕೇಳೋರು. ಸಾಲಿನಲ್ಲಿ ಕೂತು ಉಣ್ಣೋ ಜವಾನರಿಗೆ ಒಂದೇ ಒಂದು ಸಲ ನನ್ನ ಕೈಯಾರೆ ಬಡಿಸ್ಬೇಕು ಅಂತ ಆಸೆ ಇತ್ತು ಕಣ್ರೀ. ರಿಟೈರ್ ಆದ ದಿನ ಅದೊಂದು ಉಳಿದುಹೋಯ್ತಲ್ಲ ಅನ್ನಿಸ್ತು. ಈಗ ಎದುರು ಮನೆಗೇ ಬಂದಿದೆ, ಆದ್ರೆ ನನಗೆ ರೆಸ್ಟ್ ಅಂತೆ.” ಇಷ್ಟು ಹೇಳಿ ಅವಳು ಮುಖ ಆಚೆ ತಿರುಗಿಸಿದಳು. ಅವಳ ಕಣ್ಣಲ್ಲಿ ನೀರು ನೋಡಿ ನನಗೆ ಅಭ್ಯಾಸವಿಲ್ಲ. ತಂದಿದ್ದ ತಮಾಷೆಯನ್ನು ನುಂಗಿಕೊಂಡು ಲೋಟ ತೊಳೆಯಲು ನಿಂತೆ.

ಮಧ್ಯಾಹ್ನ ಊಟಕ್ಕೆ ಕೂತರೆ ತಟ್ಟೆ ಖಾಲಿ. ಪಾತ್ರೆಗಳೆಲ್ಲ ಮೇಜಿನ ಮೇಲಿವೆ, ಮೇಜರ್ ತಮ್ಮ ತಟ್ಟೆಗೆ ತಾವು ಹಾಕಿಕೊಂಡು ಉಣ್ಣುತ್ತಿದ್ದಾರೆ. “ಇಲ್ಲಿ ಬಡಿಸಿದರೆ ಹೆಂಡತಿ, ಅಲ್ಲಿ ಬಡಿಸಿದರೆ ಮೇಜರ್. ಅಲ್ಲಿ ಬಡಿಸೋವರೆಗೂ ಇಲ್ಲಿ ಬಡಿಸೋದಿಲ್ಲ” ಎಂದಳು. ನ್ಯಾಯವಾದ ಮಾತು. ಆದರೆ ನ್ಯಾಯಕ್ಕೂ ನನ್ನ ಸೌಟಿಗೂ ಆಗಿಬರುವುದಿಲ್ಲವಲ್ಲ! ಅವತ್ತು ನನ್ನ ಬನೀನಿನ ಮೇಲೆ ಬಿದ್ದ ಬೀಟ್‌ರೂಟ್ ಪಲ್ಯದ ಕಲೆ ಇನ್ನೂ ಹೋಗಿಲ್ಲ. ಮಗಳು ಮೇಘನಾಗೆ ಫೋನು ಮಾಡಿ ದೂರು ಹೇಳಿಕೊಂಡೆ. ಅವಳು ಇದೇ ಊರಿನಲ್ಲಿ ಓದಿ ಬೆಳೆದವಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ. “ಅಮ್ಮಾ ಸೊಲ್ಲರ್ದು ಕರೆಕ್ಟ್ ಅಪ್ಪಾ” ಎಂದಳು. ಅಮ್ಮ ಹೇಳುವುದು ಸರಿ ಎಂದು ಹೇಳಲು ಅವಳಿಗೆ ಯಾವ ಭಾಷೆಯಾದರೂ ಸಾಕು.

ಇನ್ನು ಸುಮ್ಮನಿರಬಾರದು, ಗಂಭೀರವಾಗಿ ಮಾತಾಡಿಯೇ ತೀರಬೇಕು ಎಂದು ತೀರ್ಮಾನಿಸಿದೆ. ಬಡಾ ಖಾನಾದ ತರಕಾರಿಗೆಂದು ಕಂದಸಾಮಿಯವರು ಬೆಳಿಗ್ಗೆ ಕೋಯಂಬೇಡಿನ ಸಗಟು ಮಾರುಕಟ್ಟೆಗೆ ಹೊರಟಾಗ ನಾನೂ ಜೊತೆಗೆ ಹೋದೆ. ನುಗ್ಗೆಕಾಯಿಯ ರಾಶಿಯ ಮುಂದೆ ಅವರು ಚೌಕಾಸಿಗೆ ನಿಂತರು. ನಾನು ಕನ್ನಡಕ ತೆಗೆದೆ, ಗಂಟಲು ಸರಿಮಾಡಿಕೊಂಡೆ. ಸಾವಿನ ಸುದ್ದಿ ಹೇಳುವವನ ಮುಖ ಮಾಡಿಕೊಂಡು, “ಕಂದಸಾಮಿ ಸಾರ್, ಇದು ಜೋಕ್ ಅಲ್ಲ. ನಮ್ಮ ಮನೆಯಲ್ಲಿ ನಿಜವಾದ ಮೇಜರ್ ನನ್ನ ಹೆಂಡತಿ. ನಾನು ಅವಳ ಮಾತು ಕೇಳಿಕೊಂಡು ಇರೋನು” ಎಂದೆ. ಕೊನೆಯ ವಾಕ್ಯ ಬೇಡವಾಗಿತ್ತು. ನುಗ್ಗೆಕಾಯಿ ಮಾರುವವನಿಗೂ ಅದು ಅರ್ಥವಾಗಿಬಿಟ್ಟಿತು. “ನಮ್ಮ ವೀಟ್ಲ ಜೆನರಲ್ ಸಾರ್!” ಎಂದು ಅವನು ಕೂಗಿದ. ಪಕ್ಕದ ಮೂಲಂಗಿಯವನು ನಕ್ಕ, ಮೂಟೆ ಹೊತ್ತವನು ಮೂಟೆ ಇಳಿಸಿ ನಕ್ಕ. ಆ ಸಂತೋಷದಲ್ಲಿ ನುಗ್ಗೆಕಾಯಿಯವನು ಒಂದು ಕಟ್ಟು ನುಗ್ಗೆಕಾಯಿ ಹೆಚ್ಚಿಗೆ ಹಾಕಿದ. ಕಂದಸಾಮಿ ನನ್ನ ಬೆನ್ನು ತಟ್ಟಿ, “ಸಾರ್, ನಿಮ್ಮನ್ನ ಡೈಲಿ ಮಾರ್ಕೆಟ್‌ಗೆ ಕರ್ಕೊಂಡು ಬರಬೇಕು” ಎಂದರು. ನಾನು ಸೋತು ಮನೆಗೆ ಬಂದು ಎಲ್ಲ ಹೇಳಿದೆ. ವಿಶಾಲು, “ಆಯ್ತು ಬಿಡಿ, ನಿಮ್ಮ ಕೈಲಾದ್ದು ಮಾಡಿದಿರಿ” ಎಂದಳು. ಆಮೇಲೆ ಟ್ರಂಕಿನ ಬೀಗದ ಕೈ ಎಲ್ಲಿ ಎಂದು ಕೇಳಿದಳು.

ಬಡಾ ಖಾನಾದ ದಿನ ಸಂಘದ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಸೈನಿಕರ ಸಾಲುಗಳಲ್ಲಿ ಬಾಳೆಲೆ ಬಿದ್ದಿತ್ತು. ಎಲ್ಲರೂ ತಮ್ಮ ತಮ್ಮ ರೆಜಿಮೆಂಟಿನ ಟೋಪಿ ಹಾಕಿಕೊಂಡು, ಎದೆಯ ಮೇಲೆ ಪದಕ ತೂಗಿಸಿಕೊಂಡು ಬಂದಿದ್ದರು. ಆಚೆ ಕಡೆ ಲೇಡೀಸ್ ಸಾಲು. ನನ್ನ ಸೊಂಟಕ್ಕೆ ಒಂದು ಬಿಳಿ ಬಟ್ಟೆ ಕಟ್ಟಿ, ಒಂದು ಕೈಗೆ ಸಾಂಬಾರಿನ ಬಕೆಟ್ಟು, ಇನ್ನೊಂದು ಕೈಗೆ ಸೌಟು ಕೊಟ್ಟು ನಿಲ್ಲಿಸಿದ್ದರು. ಬೀಗರ ಪಂಚೆ ನೆನಪಾಗಿ, ಮೊದಲ ಸಾಲಿನಲ್ಲಿ ಯಾರು ಯಾರು ಬಿಳಿ ಪಂಚೆ ಉಟ್ಟಿದ್ದಾರೆಂದು ನೋಡುತ್ತಿದ್ದೆ. ವಿಶಾಲು ನನ್ನ ಜೊತೆ ಬಂದಿರಲಿಲ್ಲ, “ನೀವು ನಡೀರಿ, ಬರ್ತೀನಿ” ಎಂದಿದ್ದಳು. ರಾಮಲಿಂಗಂ ಮೈಕಿನಲ್ಲಿ ನನ್ನ ಹೆಸರು ಕೂಗುವ ಹೊತ್ತಿಗೆ ಗೇಟಿನಿಂದ ಅವಳು ಬಂದಳು. ಕೆನೆ ಬಣ್ಣದ ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ಎಡ ಎದೆಯ ಮೇಲೆ ಸಾಲಾಗಿ ಪದಕಗಳು. ನಡಿಗೆಯೂ ಬೇರೆಯಾಗಿತ್ತು, ಬೆನ್ನು ನೆಟ್ಟಗೆ, ಒಂದು ಹೆಜ್ಜೆ ಹೆಚ್ಚಿಲ್ಲ, ಕಮ್ಮಿ ಇಲ್ಲ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಆದರೆ ಆ ಗಳಿಗೆಯಲ್ಲಿ ನಾನು ಅವಳನ್ನು ಮೊದಲ ಸಲ ನೋಡಿದವನ ಹಾಗೆ ಬಾಯಿ ತೆರೆದು ನಿಂತೆ. ಎಂಥ ಹೆಂಗಸಪ್ಪಾ ಇವಳು ಅನ್ನಿಸಿತು. ಸಾಂಬಾರು ಸ್ವಲ್ಪ ನನ್ನ ಚಪ್ಪಲಿಯ ಮೇಲೆ ಚೆಲ್ಲಿತು.

ರಾಮಲಿಂಗಂ ಮೈಕು ಬಿಟ್ಟು ಅವಳ ಹತ್ತಿರ ಓಡಿದರು. ಈ ಪದಕದ ವಿಷಯದಲ್ಲಿ ಸೈನಿಕರಿಗೆ ಒಂದು ಕಟ್ಟುನಿಟ್ಟು ಇದೆ. ತಾನು ಗಳಿಸಿದ ಪದಕವಾದರೆ ಎದೆಯ ಎಡಗಡೆ. ತೀರಿಕೊಂಡವರ ಪದಕವನ್ನು ಮನೆಯವರು ಹಾಕಿಕೊಂಡರೆ ಬಲಗಡೆ. ರಾಮಲಿಂಗಂ ತಗ್ಗಿದ ದನಿಯಲ್ಲಿ, “ಮೇಡಂ, ತಪ್ಪು ತಿಳ್ಕೋಬೇಡಿ. ಹಸ್ಬೆಂಡ್ ಮೆಡಲ್ ಬಲಗಡೆ ಹಾಕಬೇಕು. ಅದೂ ಅವರು ಹೋದ ಮೇಲೆ...” ಎಂದು ಶುರುಮಾಡಿ, ಬಕೆಟ್ ಹಿಡಿದು ಜೀವಂತವಾಗಿ ನಿಂತಿದ್ದ ನನ್ನನ್ನು ನೋಡಿ ಅಲ್ಲಿಗೇ ನಿಲ್ಲಿಸಿದರು. ಇಡೀ ಶಾಮಿಯಾನ ನನ್ನ ಕಡೆ ತಿರುಗಿತು. ನಾನು ಬದುಕಿದ್ದೇನೆಂದು ತೋರಿಸಲು ಸೌಟು ಅಲ್ಲಾಡಿಸಿದೆ. “ಇದು ಅವರದ್ದಲ್ಲ ಹವಾಲ್ದಾರ್. ನನ್ನದು. ಅದಕ್ಕೇ ಎಡಗಡೆ ಇದೆ” ಎಂದಳು ವಿಶಾಲು. ಅಷ್ಟರಲ್ಲಿ ಕಂದಸಾಮಿ ಬಂದರು. ಅವರು ಏನೂ ಕೇಳಲಿಲ್ಲ. ಆ ಪದಕಗಳ ರಿಬ್ಬನ್ನಿನ ಬಣ್ಣಗಳನ್ನು ಒಂದೊಂದಾಗಿ ನೋಡಿದರು. ನಮಗೆ ಅವು ಬಣ್ಣದ ಪಟ್ಟಿ. ಅವರಿಗೆ ಎಲ್ಲಿದ್ದಳು, ಎಂಥ ಕಡೆ ಇದ್ದಳು, ಎಷ್ಟು ಕಾಲ ಇದ್ದಳು ಎಲ್ಲ ಅಲ್ಲೇ ಕಾಣುತ್ತದೆ. ನೋಡುತ್ತಾ ನೋಡುತ್ತಾ ಅವರ ಮುಖದ ನಗು ಇಳಿಯಿತು, ಮೀಸೆ ನಡುಗಿತು. ಎರಡು ಹೆಜ್ಜೆ ಹಿಂದೆ ಸರಿದು, ಟೋಪಿ ಸರಿಮಾಡಿಕೊಂಡು, ಲಾರಿಯ ಪಕ್ಕ ನನಗೆ ಹೊಡೆದಿದ್ದರಲ್ಲ, ಅದರ ಹತ್ತರಷ್ಟು ಗಟ್ಟಿಯಾದ ಸೆಲ್ಯೂಟ್ ಹೊಡೆದರು. “ಜೈ ಹಿಂದ್, ಮೇಡಂ ಸಾಬ್!”

“ಜೈ ಹಿಂದ್, ಸುಬೇದಾರ್ ಸಾಬ್” ಎಂದಳು ವಿಶಾಲು. ಆ ‘ಸಾಬ್’ ಕೇಳಿ ಕಂದಸಾಮಿಯವರ ಕಣ್ಣು ತುಂಬಿತು. ಆಫೀಸರುಗಳು ಸುಬೇದಾರರನ್ನು ಹಾಗೆಯೇ ಕರೆಯುವುದಂತೆ, ನಿವೃತ್ತರಾದ ಮೇಲೆ ಅವರನ್ನು ಹಾಗೆ ಯಾರೂ ಕರೆದಿರಲಿಲ್ಲವಂತೆ. ನನ್ನ ಕಡೆ ತಿರುಗಿ, “ಏನ್ ಸಾರ್ ಮುನ್ನಾಡಿಯೇ ಸೊಲ್ಲಲೆ? ಮೊದಲೇ ಯಾಕೆ ಸಾರ್ ಹೇಳಲಿಲ್ಲ?” ಎಂದು ಗದರಿದರು. ಹಾಲಿನ ಬೂತಿನಿಂದ ಶುರುಮಾಡಿ ಲೆಕ್ಕ ಒಪ್ಪಿಸಲು ಹೊರಟೆ, ಅವರು ಬಿಡಲಿಲ್ಲ. “ನೀವು ನನ್ನ ‘ಸಾರ್, ಸಾರ್’ ಅಂತ ಕರೀತಿದ್ರಲ್ಲ, ಆವಾಗಲೇ ಗೊತ್ತಾಗಬೇಕಿತ್ತು, ಇವರು ಸಿವಿಲಿಯನ್ ಅಂತ!” ಎಂದು ತಮ್ಮ ಹಣೆ ತಾವೇ ಚಚ್ಚಿಕೊಂಡರು. ವಿಶಾಲು ನನ್ನ ಕೈಯಿಂದ ಬಕೆಟ್ಟು ತೆಗೆದುಕೊಂಡಳು. ನನ್ನ ಸೊಂಟದ ಬಿಳಿ ಬಟ್ಟೆ ಬಿಚ್ಚಿ ತಾನು ಕಟ್ಟಿಕೊಂಡಳು. ನನಗೆ ಆಗ ಆದ ನೆಮ್ಮದಿಯನ್ನು ಹೇಳಲು ಮಾತಿಲ್ಲ.

ಆದರೆ ಅವಳು ತಕ್ಷಣ ಬಡಿಸಲಿಲ್ಲ. ಲೇಡೀಸ್ ಸಾಲಿನ ಕಡೆ ನೋಡಿ, “ಬಡಾ ಖಾನಾದಲ್ಲಿ ಆಫೀಸರ್ಸ್ ಎಲ್ಲ ಸೇರಿ ಬಡಿಸ್ಬೇಕು. ಇಲ್ಲಿ ಇನ್ಯಾರಾದರೂ ಇದ್ದೀರಾ?” ಎಂದು ತಮಿಳಿನಲ್ಲಿ ಕೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಲಿನ ಕೊನೆಯಲ್ಲಿ ಮಗುವಿನ ಮೂಗು ಒರೆಸುತ್ತಿದ್ದ ಒಬ್ಬ ಯುವತಿ ನಿಧಾನವಾಗಿ ಎದ್ದು ನಿಂತಳು. “ಮೇಡಂ, ನಾನು ಏರ್‌ಫೋರ್ಸ್. ಫ್ಲೈಟ್ ಲೆಫ್ಟಿನೆಂಟ್ ಆಗಿದ್ದೆ. ಈಗ ಬ್ಯಾಂಕಿನಲ್ಲಿದ್ದೀನಿ” ಎಂದಳು. ರಾಮಲಿಂಗಂ ಕಣ್ಣು ಬಿಟ್ಟುಕೊಂಡು ನೋಡಿದರು. ಏಕೆಂದರೆ ಅವಳು ಕಯಲ್, ಅವರ ಸೊಸೆ! “ನಿಮ್ಮ ಮನೆಯಲ್ಲೇ ಆಫೀಸರ್ ಇಟ್ಟುಕೊಂಡು ವರ್ಷಾವರ್ಷ ಪೆರಂಬೂರಿಗೆ ಕಾರು ಕಳಿಸ್ತಿದ್ರೇನ್ರೀ?” ಎಂದು ಕಂದಸಾಮಿ ಅವರ ಮೇಲೆ ಹರಿಹಾಯ್ದರು. ರಾಮಲಿಂಗಂ ಕಂಗಾಲಾಗಿ, “ಎನ್ ಮರುಮಗಳ್ ಸಾರ್ ಅದು!” ಎಂದರು. ನಮ್ಮ ಸೊಸೆ ಅಲ್ಲವಾ ಸಾರ್ ಅದು, ಎಂದು. ಅವಳು ಏರ್‌ಫೋರ್ಸಿನಲ್ಲಿದ್ದದ್ದು ಅವರಿಗೆ ಗೊತ್ತಿತ್ತು, ಮದುವೆಯಲ್ಲಿ ಎಲ್ಲರಿಗೂ ಹೆಮ್ಮೆಯಿಂದ ಹೇಳಿದ್ದರು ಕೂಡ. ಆದರೆ ಮಾಜಿ ಸೈನಿಕರು ಯಾರು ಯಾರಿದ್ದಾರೆ ಎಂದು ಹುಡುಕುವಾಗ ಸೊಸೆಯ ಕಡೆ ಅವರ ಕಣ್ಣು ಹೋಗಿಯೇ ಇರಲಿಲ್ಲ. ನನ್ನಂಥ ಗುಮಾಸ್ತನ ಕಡೆ ಮಾತ್ರ ಹೋಗಿತ್ತು.

ಅವತ್ತು ವಿಶಾಲು ಬಡಿಸಿದ ಚೆಂದವನ್ನು ನೀವು ನೋಡಬೇಕಿತ್ತು. ಕಯಲ್ ಅನ್ನ, ಇವಳು ಸಾಂಬಾರು. ಪ್ರತಿಯೊಬ್ಬರ ಮುಂದೆಯೂ ಬಗ್ಗಿ, ಹೆಸರು ಕೇಳಿ, ಯಾವ ರೆಜಿಮೆಂಟು ಎಂದು ಕೇಳಿ, ಹೋಳು ತಿಳಿ ಎರಡೂ ಸಮನಾಗಿ ಬೀಳುವ ಹಾಗೆ ಬಡಿಸಿದಳು. ಕೈ ನಡುಗುವ ಒಬ್ಬ ಮುದುಕ ನಾಯಕ್ ಇದ್ದರು. ಅವರ ಪಕ್ಕ ಕೂತು ಅನ್ನ ಕಲೆಸಿ ಕೊಟ್ಟಳು. ಅವರು ಒಂದು ತುತ್ತು ಉಂಡು, “ಇವತ್ತು ಏನು ಸ್ವೀಟು ಮೇಡಂ?” ಎಂದು ಕೇಳಿದರು. ವಿಶಾಲು ಕೈ ಒರೆಸಿಕೊಂಡು ಎದ್ದಳು. ಆಮೇಲೆ ತಾನೇ ಹೋಗಿ ಜಿಲೇಬಿ ತಂದು ಅವರ ಎಲೆಗೆ ಎರಡು ಹಾಕಿದಳು. ನಾನು ಶಾಮಿಯಾನದ ಕಂಬಕ್ಕೆ ಒರಗಿ, ಕಣ್ಣಿಗೆ ಮೆಣಸಿನಕಾಯಿಯ ಘಾಟು ಬಡಿದಿದೆ ಎಂದು ಪಕ್ಕದವರಿಗೆ ಹೇಳಿದೆ.

ಮುಂದಿನ ಸಭೆಯಲ್ಲಿ ಬೋರ್ಡಿನ ವಿಷಯ ಬಂತು. ಒಂದಿಬ್ಬರು ಹಿರಿಯರು, “ಹೆಸರಿನಲ್ಲಿ ಏನಿದೆ, ಎಲ್ಲರೂ ಸೇರಿದ್ದೇ ಅಂತ ಅರ್ಥ ಅಲ್ಲವಾ” ಎಂದರು. ಕಯಲ್ ಎದ್ದು, “ಅಂಕಲ್, ನಾನು ದಿನಾ ಇದೇ ದಾರಿಯಲ್ಲಿ ಬಸ್ಸಿಗೆ ಹೋಗ್ತೀನಿ. ಆ ಬೋರ್ಡು ನೋಡಿಯೇ ನಾನು ಒಳಗೆ ಬರಲಿಲ್ಲ” ಎಂದಳು. ಕಂದಸಾಮಿ ಮೇಜು ಗುದ್ದಿದರು. “ನನ್ನ ಬೋರ್ಡು ಕೆಳಗೆ ಮೇಡಂ ಸಾಬ್ ನಿಲ್ಲಕ್ಕೆ ಜಾಗ ಇಲ್ಲ ಅಂದ್ರೆ ಬೋರ್ಡು ತಪ್ಪು, ಮೇಡಂ ಸಾಬ್ ತಪ್ಪಲ್ಲ!” ಅಲ್ಲಿಗೆ ಚರ್ಚೆ ಮುಗಿಯಿತು. ಈಗ ಬೋರ್ಡಿನಲ್ಲಿ ‘ವೆಟರನ್ಸ್ ಅಸೋಸಿಯೇಷನ್’ ಎಂದಿದೆ. ಕೆಳಗೆ ‘ವೈವ್ಸ್ ವಿಂಗ್’ ಇದ್ದ ಕಡೆ ‘ಫ್ಯಾಮಿಲಿ’ ಎಂದು ಬಂದಿದೆ. ಮೊದಲ ಬಾರಿಗೆ ಆ ಬೋರ್ಡಿನಲ್ಲಿ ನನಗೂ ಒಂದು ಸಾಲು ಸಿಕ್ಕಿತು. ವಿಶಾಲು ಉಪಾಧ್ಯಕ್ಷೆ, ಕಂದಸಾಮಿ ಅವಳ ಮುಂದೆ ಕುರ್ಚಿಯ ಮೇಲೆ ಒರಗಿ ಕೂರುವುದನ್ನೇ ಬಿಟ್ಟಿದ್ದಾರೆ.

ಮನೆಯ ಮುಷ್ಕರ ಮುಗಿಯಿತೆಂದು ನಾನು ಬಡಾ ಖಾನಾದ ದಿನ ರಾತ್ರಿಯೇ ತಟ್ಟೆ ಹಾಕಿಕೊಂಡು ಕೂತಿದ್ದೆ. “ಅಲ್ಲಿ ಬಡಿಸಿದ್ದಾಯ್ತಲ್ಲ?” ಎಂದೆ. “ಆಯ್ತು. ಬಡಾ ಖಾನಾ ವರ್ಷಕ್ಕೊಂದು ಸಲ. ಉಳಿದ ದಿನ ಆಫೀಸರಿಗೆ ಬೇರೆಯವರು ಬಡಿಸ್ತಾರೆ” ಎಂದು ತಾನೂ ತಟ್ಟೆ ಹಾಕಿಕೊಂಡು ಎದುರಿಗೆ ಕೂತಳು. ಹಾಗಾಗಿ ಈ ವಯಸ್ಸಿನಲ್ಲಿ ನಾನು ಸೌಟು ಹಿಡಿಯಲು ಕಲಿಯುತ್ತಿದ್ದೇನೆ. ಅನ್ನ, ಪಲ್ಯ ಪರವಾಗಿಲ್ಲ. ಸಾರಿನಲ್ಲಿ ಇನ್ನೂ ಸುಧಾರಿಸಬೇಕು ಎಂದು ಮೇಲಿನಿಂದ ಅಭಿಪ್ರಾಯ ಬಂದಿದೆ.

ಮೊನ್ನೆ ಸಂಘದಲ್ಲಿ ಧ್ವಜ ಹಾರಿಸುವ ಕಾರ್ಯಕ್ರಮ. ವಿಶಾಲು ಮುಂಚೆಯೇ ಹೋಗಿದ್ದಳು. ನಾನು ತಡವಾಗಿ ಹೋದರೆ ಗೇಟಿನಲ್ಲಿ ಹೊಸದಾಗಿ ಬಡಾವಣೆಗೆ ಬಂದ ಒಬ್ಬ ನಿವೃತ್ತ ನಾಯಕ್ ನಿಂತಿದ್ದರು. ಯಾರ ಮನೆ ಎಂದು ಕೇಳಿದರು. “ಮೇಜರ್ ರಾವ್ ಮನೆ” ಎಂದೆ. ಆಮೇಲೆ ಅಭ್ಯಾಸಬಲದಿಂದ, ನಗಲು ಜಾಗ ಬಿಟ್ಟು, “ಮೇಜರ್ ನಾನಲ್ಲ, ನನ್ನ ಹೆಂಡತಿ!” ಎಂದೆ. ಅವರು ನಗಲಿಲ್ಲ. ಪಕ್ಕದಲ್ಲಿದ್ದ ರಾಮಲಿಂಗಂ ನಗಲಿಲ್ಲ. ಕಂದಸಾಮಿಯೂ ನಗಲಿಲ್ಲ. ಜೀವನದಲ್ಲಿ ಎಲ್ಲರನ್ನೂ ನಗಿಸಿದ್ದ ನನ್ನ ಒಂದೇ ಒಂದು ಜೋಕು ಅಲ್ಲಿಗೆ ತೀರಿಕೊಂಡಿತು.

“ಅದು ಗೊತ್ತು ಸಾರ್” ಎಂದರು ಆ ನಾಯಕ್. “ನೀಂಗ ಯಾರ್?”

“ಫ್ಯಾಮಿಲಿ” ಎಂದೆ.